ಆಪರೇಷನ್‌ಗೆ ಮೊದಲು ಮಂಪರು ಮದ್ದಿನ ಬಗ್ಗೆ ಏನು ಹೇಳಬೇಕು, ಏನು ಕೇಳಬೇಕು

ಆಪರೇಷನ್ ಅಂದ ಕೂಡಲೇ ನಮ್ಮ ಕಡೆ ಮನೆಯವರು ಕೇಳುವುದು ಸರ್ಜನ್ ಯಾರು, ಖರ್ಚು ಎಷ್ಟು, ಎಷ್ಟು ದಿನ ಅಡ್ಮಿಟ್ ಅಂತ. ಮಂಪರು ಕೊಡುವವರು ಯಾರು, ಯಾವ ಮದ್ದು ಅಂತ ಕೇಳುವವರು ತುಂಬಾ ಕಡಿಮೆ. ಕೇಳಿದರೂ ಟ್ರಾಲಿ ಓಟಿ ಬಾಗಿಲು ದಾಟುವಾಗ ಕೇಳುತ್ತಾರೆ. ಆಗ ತಡವಾಗಿರುತ್ತದೆ. ಮಂಪರಿನ ತೀರ್ಮಾನದ ಹೆಚ್ಚಿನ ಭಾಗ ಅದಕ್ಕೂ ಮೊದಲೇ, ಅರಿವಳಿಕೆ ತಜ್ಞರು ನಿಮ್ಮನ್ನು ನೋಡುವ ಪಿಎಸಿ (ಅರಿವಳಿಕೆಗೆ ಮುಂಚಿನ ತಪಾಸಣೆ) ಕೋಣೆಯಲ್ಲಿ ಆಗಿರುತ್ತದೆ. ಅದರ ಹಿಂದೆ ಆಸ್ಪತ್ರೆ ಬರೆದಿಟ್ಟ ನಿಯಮ ಇದೆ, ಔಷಧದ ಕಾನೂನು ಇದೆ, ಅರಿವಳಿಕೆ ತಜ್ಞರ ಸಂಘಗಳ ಮಾರ್ಗಸೂಚಿ ಇದೆ. ಆದರೆ ಈ ನಿಯಮಗಳೆಲ್ಲ ನಡೆಯುವುದು ನೀವು ಕೊಡುವ ಮಾಹಿತಿಯ ಮೇಲೆ. ನೀವು ಒಂದು ವಿಷಯ ಮುಚ್ಚಿಟ್ಟರೆ ಎಷ್ಟು ಒಳ್ಳೆಯ ನಿಯಮವೂ ನಿಮ್ಮನ್ನು ಕಾಯಲಾರದು.

ವೆನ್ಲಾಕ್ ಇರಲಿ, ಕಂಕನಾಡಿ, ಅತ್ತಾವರ, ದೇರಳಕಟ್ಟೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿರಲಿ, ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆ ಇರಲಿ, ಮಣಿಪಾಲದ ಕಸ್ತೂರ್ಬಾ ಇರಲಿ, ಕೆಳಗಿನ ಹೆಜ್ಜೆಗಳು ಎಲ್ಲ ಕಡೆಯೂ ಉಪಯೋಗಕ್ಕೆ ಬರುತ್ತವೆ. ಮದ್ದಿನ ಅಳತೆ ಬರೆದ ಕಡೆ ಅದು ವಿಷಯ ಅರ್ಥವಾಗಲಿ ಅಂತ ಮಾತ್ರ. ನಿಮ್ಮ ಅಳತೆ ನಿಮ್ಮ ಡಾಕ್ಟರೇ ಹೇಳಬೇಕು.

ಹೆಜ್ಜೆ 1: ಯಾವ ಮಟ್ಟದ ಮಂಪರು ಅಂತ ಮೊದಲು ಕೇಳಿ

ಮಂಪರು ಅಂದರೆ ಒಂದೇ ಅಲ್ಲ. ಮಾರ್ಗಸೂಚಿಗಳು ನಾಲ್ಕು ಮಟ್ಟ ಹೇಳುತ್ತವೆ. ಮೊದಲನೆಯದರಲ್ಲಿ ಆತಂಕ ಇಳಿಯುತ್ತದೆ, ಮಾತಾಡಿದರೆ ಸರಿಯಾಗಿ ಉತ್ತರ ಕೊಡುತ್ತೀರಿ. ಎರಡನೆಯದರಲ್ಲಿ ತೂಕಡಿಕೆ ಬರುತ್ತದೆ, ಕರೆದರೆ ಅಥವಾ ಮೆಲ್ಲಗೆ ತಟ್ಟಿದರೆ ಕಣ್ಣು ಬಿಡುತ್ತೀರಿ. ಮೂರನೆಯದು ಆಳದ ಮಂಪರು. ಸುಲಭಕ್ಕೆ ಎಚ್ಚರ ಆಗುವುದಿಲ್ಲ, ಉಸಿರಾಟಕ್ಕೆ ಸಹಾಯ ಬೇಕಾಗಬಹುದು. ನಾಲ್ಕನೆಯದು ಪೂರ್ತಿ ಅರಿವಳಿಕೆ, ಜನರಲ್ ಅನಸ್ತೇಷಿಯಾ.

ಒಂದು ಮಟ್ಟದಿಂದ ಇನ್ನೊಂದಕ್ಕೆ ಜಾರಲು ಸ್ವಲ್ಪವೇ ಮದ್ದು ಸಾಕು, ತೊಂದರೆ ಇರುವುದು ಇಲ್ಲೇ. ಎರಡನೇ ಮಟ್ಟ ಅಂತ ಶುರು ಮಾಡಿದ್ದು ಮೂರಕ್ಕೆ ಹೋಗಬಹುದು. ಅದಕ್ಕೇ ಒಳ್ಳೆಯ ನಿಯಮ ಇರುವ ಆಸ್ಪತ್ರೆಯಲ್ಲಿ ಎಂಡೋಸ್ಕೋಪಿ ಮಾಡುವ ಡಾಕ್ಟರೇ ಒಂದು ಕಡೆ ಟ್ಯೂಬ್ ಹಿಡಿದುಕೊಂಡು ಇನ್ನೊಂದು ಕಡೆ ಮಂಪರನ್ನೂ ನೋಡಿಕೊಳ್ಳುವುದಿಲ್ಲ. ರೋಗಿಯ ಉಸಿರು, ನಾಡಿ, ಬಿಪಿ ನೋಡಲಿಕ್ಕೆ ಬೇರೆಯೇ ಒಬ್ಬರು ಇರಬೇಕು ಅಂತ ಆಸ್ಪತ್ರೆಗಳ ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಚ್ ಮಾನ್ಯತೆಯ ಮಾನದಂಡದಲ್ಲೂ ಇದೆ. ನೀವು ಕೇಳಬೇಕಾದ್ದು ಇಷ್ಟೇ: "ಡಾಕ್ಟ್ರೇ, ಯಾವ ಮಟ್ಟದ ಮಂಪರು ಕೊಡ್ತೀರಿ, ಆ ಹೊತ್ತಿಗೆ ನನ್ನನ್ನು ನೋಡಿಕೊಳ್ಳುವವರು ಯಾರು?" ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಅದು ಕೇಳಲೇಬೇಕಾದ ಪ್ರಶ್ನೆ.

ಹೆಜ್ಜೆ 2: ಪಿಎಸಿಗೆ ಎಲ್ಲ ಮದ್ದುಗಳನ್ನೂ ತೆಗೆದುಕೊಂಡು ಹೋಗಿ

ಇಲ್ಲಿ ಸಮಯ ಕೊಡಿ. ಸುಮ್ನೆ ಸಹಿ ಹಾಕಿಸಿಕೊಂಡು ಬರುವ ಜಾಗ ಅಂತ ಅಂದುಕೊಳ್ಳಬೇಡಿ.

ಮನೆಯಲ್ಲಿರುವ ಮಾತ್ರೆಯ ಸ್ಟ್ರಿಪ್‌ಗಳನ್ನು ಒಂದು ತೊಟ್ಟೆಗೆ ಹಾಕಿ ಹಾಗೇ ತೆಗೆದುಕೊಂಡು ಹೋಗಿ. ಹೆಸರು ನೆನಪಿಟ್ಟುಕೊಂಡು ಹೇಳುವುದಕ್ಕಿಂತ ಇದು ಎಷ್ಟೋ ವಾಸಿ. ಬಿಪಿ, ಶುಗರಿನ ಮಾತ್ರೆ ಎಲ್ಲರೂ ಹೇಳುತ್ತಾರೆ. ಹೇಳದೇ ಬಿಡುವುದು ನಿದ್ದೆ ಮಾತ್ರೆ. ರಾತ್ರಿ ಒಂದು ಆಲ್ಪ್ರಜೋಲಾಮ್ ತೆಗೆದುಕೊಳ್ಳುವ ಅಭ್ಯಾಸ ವರ್ಷಗಳಿಂದ ಇರುತ್ತದೆ, ಅದೇನು ದೊಡ್ಡ ವಿಷಯ ಅಂತ ಸುಮ್ಮನಿರುತ್ತಾರೆ. ಅದು ದೊಡ್ಡ ವಿಷಯವೇ. ಓಟಿಯಲ್ಲಿ ಕೊಡುವ ಮಿಡಜೋಲಾಮ್ ಕೂಡ ಅದೇ ಜಾತಿಯ ಮದ್ದು, ಬೆಂಜೋಡಯಾಜೆಪೀನ್. ದಿನಾ ತೆಗೆದುಕೊಳ್ಳುವವರ ಮೈ ಅದಕ್ಕೆ ಒಗ್ಗಿರುವುದರಿಂದ ಮಾಮೂಲಿ ಅಳತೆ ಸಾಕಾಗದೇ ಹೋಗಬಹುದು. ಇನ್ನೊಂದು ಕಡೆ, ಆಪರೇಷನ್ ಇದೆ ಅಂತ ನೀವೇ ಅದನ್ನು ತಟ್ಟನೆ ನಿಲ್ಲಿಸಿದರೆ ನಡುಕ, ಗಾಬರಿ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಹಾಗಾಗಿ ನಿಲ್ಲಿಸಬೇಡಿ, ಮುಚ್ಚಿಡಬೇಡಿ, ಹೇಳಿ.

ಕುಡಿಯುವ ಅಭ್ಯಾಸವೂ ಹಾಗೇ. ಹೆಂಡತಿ ಮಕ್ಕಳ ಎದುರು ಹೇಳಲು ಸಂಕೋಚ ಇದ್ದರೆ "ಡಾಕ್ಟ್ರೇ, ಒಂದು ನಿಮಿಷ ಒಬ್ಬನೇ ಮಾತಾಡಬೇಕಿತ್ತು" ಅನ್ನಿ. ಅವರಿಗೆ ಇದು ಹೊಸತಲ್ಲ.

ಇನ್ನು ಎಲೆಅಡಿಕೆ. ಕರಾವಳಿಯಲ್ಲಿ ಇದನ್ನು ಯಾರೂ ಕಾಯಿಲೆಯ ಪಟ್ಟಿಗೆ ಸೇರಿಸುವುದಿಲ್ಲ. ಆದರೆ ವರ್ಷಾನುಗಟ್ಟಲೆ ಅಡಿಕೆ, ಗುಟ್ಕಾ ಜಗಿದವರಲ್ಲಿ ಕೆನ್ನೆಯ ಒಳಭಾಗ ಗಟ್ಟಿಯಾಗಿ ಬಾಯಿ ಪೂರ್ತಿ ತೆರೆಯಲು ಆಗುವುದಿಲ್ಲ. ಮಂಪರಿನಲ್ಲಿ ಉಸಿರು ನಿಂತರೆ ಗಂಟಲಿಗೆ ಟ್ಯೂಬ್ ಹಾಕಬೇಕಾಗುತ್ತದೆ. ಬಾಯಿಯೇ ತೆರೆಯದಿದ್ದರೆ ಹೇಗೆ ಹಾಕುವುದು? ಅರಿವಳಿಕೆ ತಜ್ಞರು "ಬಾಯಿ ದೊಡ್ಡದಾಗಿ ತೆರೀರಿ, ನಾಲಗೆ ಹೊರಗೆ ಹಾಕಿ" ಅನ್ನುವುದು ಇದಕ್ಕೇ. ಬಾಯಿ ಕಡಿಮೆ ತೆರೆಯುವವರಿಗೆ ಆಳದ ಮಂಪರು ಬೇಡ, ಬೇರೆ ದಾರಿ ನೋಡೋಣ ಅಂತ ಅವರು ಹೇಳಿದರೆ ಅದು ನಿಮ್ಮ ಒಳ್ಳೆಯದಕ್ಕೆ. ಕಟ್ಟಿಸಿದ ಹಲ್ಲು, ಅಲ್ಲಾಡುವ ಹಲ್ಲು ಇದ್ದರೂ ಹೇಳಿ.

ಜೋರಾಗಿ ಗೊರಕೆ ಹೊಡೆಯುತ್ತೀರಾ, ನಿದ್ದೆಯಲ್ಲಿ ಉಸಿರು ನಿಂತು ಮತ್ತೆ ಶುರುವಾಗುತ್ತದಾ? ಇದು ನಿಮಗೆ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಮಲಗುವವರಿಗೆ ಗೊತ್ತು. ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ನಿದ್ದೆಯಲ್ಲಿ ಗಂಟಲು ಮುಚ್ಚುವವರಿಗೆ ಮಂಪರು ಮದ್ದು ಅದನ್ನು ಇನ್ನೂ ಜಾಸ್ತಿ ಮಾಡುತ್ತದೆ.

ನಾಟಿ ಮದ್ದು, ಆಯುರ್ವೇದದ ಚೂರ್ಣ, ಅಶ್ವಗಂಧ, ಇವನ್ನೂ ಹೇಳಿ. ಅಶ್ವಗಂಧ ಮಂಪರನ್ನು ಹೆಚ್ಚಿಸಬಹುದು. ತೂಕ ಇಳಿಸಲು ಅಥವಾ ಶುಗರಿಗೆ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಖಂಡಿತ ಹೇಳಿ. ಅವು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ. ರಾತ್ರಿಯಿಂದ ಏನೂ ತಿನ್ನದಿದ್ದರೂ ಹೊಟ್ಟೆಯಲ್ಲಿ ಊಟ ಉಳಿದಿರಬಹುದು.

ಹಿಂದಿನ ಆಪರೇಷನ್‌ನಲ್ಲಿ ಎಚ್ಚರ ಆಗಲು ತುಂಬಾ ಹೊತ್ತಾಯಿತಾ, ವಿಪರೀತ ವಾಂತಿ ಆಯಿತಾ, ಮನೆಯವರಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆ ಆಗಿತ್ತಾ, ಅದನ್ನೂ ನೆನಪು ಮಾಡಿಕೊಂಡು ಹೋಗಿ.

ಹೆಜ್ಜೆ 3: ವಯಸ್ಸಾದವರಿಗೆ "ಫುಲ್ ನಿದ್ದೆ ಬರುವ ಹಾಗೆ ಕೊಡಿ" ಅಂತ ಒತ್ತಾಯ ಮಾಡಬೇಡಿ

ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಷನ್. ಅಜ್ಜಿ ಹೆದರುತ್ತಾರೆ, ಏನೂ ಗೊತ್ತಾಗಬಾರದು, ಚೆನ್ನಾಗಿ ಮಲಗಿಸಿಬಿಡಿ ಅಂತ ಮಕ್ಕಳು ಕೇಳಿಕೊಳ್ಳುತ್ತಾರೆ. ಪ್ರೀತಿಯಿಂದಲೇ ಕೇಳುವುದು. ಆದರೆ ಮಾರ್ಗಸೂಚಿ ಅತಿ ಹೆಚ್ಚು ಬಿಗಿ ಇರುವುದೇ ಇಲ್ಲಿ.

ವಯಸ್ಸಾದಂತೆ ಅದೇ ಅಳತೆಯ ಮದ್ದು ಮಿದುಳಿನ ಮೇಲೆ ಜಾಸ್ತಿ ಕೆಲಸ ಮಾಡುತ್ತದೆ, ಮೈಯಿಂದ ಹೊರಗೆ ಹೋಗಲು ಹೆಚ್ಚು ಹೊತ್ತು ಬೇಕು. ಮಿಡಜೋಲಾಮ್‌ನ ಸೂಚನಾಪತ್ರದಲ್ಲೇ ಈ ವ್ಯತ್ಯಾಸ ಇದೆ. ಆರೋಗ್ಯವಂತ ವಯಸ್ಕರಿಗೆ ಶುರುವಿಗೆ 2.5 ಮಿಲಿಗ್ರಾಂ ಮೀರಬಾರದು, 60 ದಾಟಿದವರಿಗೆ 1.5 ಮಿಲಿಗ್ರಾಂ ಮೀರಬಾರದು, ಅದನ್ನೂ ಕನಿಷ್ಠ 2 ನಿಮಿಷ ಹಿಡಿದು ನಿಧಾನ ಕೊಡಬೇಕು, ಆಮೇಲೆ ಕಾದು ನೋಡಿ ಬೇಕಿದ್ದರೆ ಮಾತ್ರ ಸ್ವಲ್ಪ ಸೇರಿಸಬೇಕು. ಡಯಾಜೆಪಾಮ್ ಅಂತೂ ವಯಸ್ಸಾದವರ ಮೈಯಲ್ಲಿ ದಿನಗಟ್ಟಲೆ ಉಳಿಯುತ್ತದೆ. ಮೊದಲೆಲ್ಲ ಆಪರೇಷನ್ ಹಿಂದಿನ ರಾತ್ರಿ ಎಲ್ಲರಿಗೂ ಒಂದು ನಿದ್ದೆ ಮಾತ್ರೆ ಬರೆಯುವ ಪದ್ಧತಿ ಇತ್ತು. ಈಗ ವಯಸ್ಸಾದವರಿಗೆ ಅದನ್ನು ಕಣ್ಣುಮುಚ್ಚಿ ಬರೆಯುವುದು ಬೇಡ ಅಂತ ಮಾರ್ಗಸೂಚಿಗಳು ಹೇಳುತ್ತವೆ. 65 ದಾಟಿದವರಿಗೆ ಯಾವ ಮದ್ದು ತಪ್ಪಿಸಬೇಕು ಅಂತ ಹೇಳುವ ಅಮೆರಿಕದ ಬಿಯರ್ಸ್ ಪಟ್ಟಿ 1991ರಲ್ಲಿ ಶುರುವಾದದ್ದು, 2023ರಲ್ಲೂ ಪರಿಷ್ಕರಣೆ ಆಗಿದೆ. ಬೆಂಜೋಡಯಾಜೆಪೀನ್ ಅದರಲ್ಲಿ ತಪ್ಪಿಸಬೇಕಾದ ಮದ್ದು. ಆದರೆ ಅರಿವಳಿಕೆಯ ಹೊತ್ತಿನ ಬಳಕೆಗೆ ಅದೇ ಪಟ್ಟಿ ವಿನಾಯಿತಿ ಕೊಡುತ್ತದೆ.

ಮಂಪರು ಜಾಸ್ತಿಯಾದರೆ ಉಸಿರು ಕುಗ್ಗುತ್ತದೆ, ಬಿಪಿ ಬೀಳುತ್ತದೆ. ಇನ್ನೊಂದು ಹೆದರಿಕೆ ಡೆಲಿರಿಯಂ. ಆಪರೇಷನ್ ಆದ ರಾತ್ರಿ ಅಜ್ಜಿ ಎಲ್ಲಿದ್ದೇನೆ ಅಂತ ಗೊತ್ತಾಗದೆ ಡ್ರಿಪ್ ಕಿತ್ತು ಹಾಕುವುದು, ಮಗನನ್ನೇ ಗುರುತು ಹಿಡಿಯದೇ ಇರುವುದು. ಕೆಲವರು ಗಲಾಟೆ ಮಾಡದೆ ಮಂಕಾಗಿ ಮಲಗಿಬಿಡುತ್ತಾರೆ. ಪಾಪ, ಸುಸ್ತಾಗಿದೆ ಅಂತ ಎಲ್ಲರೂ ಸುಮ್ಮನಿರುತ್ತಾರೆ. ಅದೂ ಡೆಲಿರಿಯಂ ಇರಬಹುದು, ಸಿಸ್ಟರ್‌ಗೆ ಹೇಳಲೇಬೇಕು.

ಹಾಗಂತ ಮಿಡಜೋಲಾಮ್ ಪೂರ್ತಿ ನಿಲ್ಲಿಸಿದರೆ ಎಲ್ಲ ಸರಿಹೋಗುತ್ತದಾ? ಇಲ್ಲ. ಉತ್ತರ ಅಮೆರಿಕದ 20 ಹೃದಯ ಶಸ್ತ್ರಚಿಕಿತ್ಸಾ ಕೇಂದ್ರಗಳಲ್ಲಿ ಆಸ್ಪತ್ರೆಯ ನೀತಿಯನ್ನೇ ಬದಲಿಸಿ ನೋಡಿದರು. ಕೆಲವು ವಾರ ಬೆಂಜೋಡಯಾಜೆಪೀನ್ ಆದಷ್ಟು ಬೇಡ, ಕೆಲವು ವಾರ ಕೊಡಬಹುದು. ಸುಮಾರು 20 ಸಾವಿರ ರೋಗಿಗಳ ಲೆಕ್ಕ ಅದು, ಫಲಿತಾಂಶ 2025ರಲ್ಲಿ ಬಂತು. ಡೆಲಿರಿಯಂ ಬೇಡ ಅಂದ ವಾರಗಳಲ್ಲಿ ಶೇ. 14, ಕೊಡಬಹುದು ಅಂದ ವಾರಗಳಲ್ಲಿ ಶೇ. 14.9. ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ನನಗೆ ಇದರಿಂದ ಕಾಣುವುದು, ಒಂದು ಮದ್ದಿನ ಮೇಲೆ ನಿಷೇಧ ಹಾಕಿ ಕೈತೊಳೆದುಕೊಂಡರೆ ಆಗುವುದಿಲ್ಲ, ಎದುರಿಗಿರುವ ರೋಗಿ ಯಾರು ಅಂತ ನೋಡಿಯೇ ತೀರ್ಮಾನ ಆಗಬೇಕು.

ಅದಕ್ಕೆ ನೀವು ಹೀಗೆ ಕೇಳಿ: "ಅಮ್ಮನಿಗೆ 78 ವರ್ಷ, ಮೊದಲೇ ಸ್ವಲ್ಪ ಮರೆವು ಇದೆ. ಮಂಪರು ಕಡಿಮೆ ಇಟ್ಟು ಮಾಡಲಿಕ್ಕೆ ಆಗ್ತದಾ ಡಾಕ್ಟ್ರೇ?" ಮೂಳೆಯ ಆಪರೇಷನ್‌ನಲ್ಲಿ ಡ್ರಿಲ್ಲಿನ ಸದ್ದು ಕೇಳಬಹುದು, ಎಳೆದ ಹಾಗೆ ಆಗಬಹುದು, ನೋವು ಇರುವುದಿಲ್ಲ ಅಂತ ಅಮ್ಮನಿಗೆ ಮೊದಲೇ ಹೇಳಿಡಿ. ಮೊದಲೇ ಗೊತ್ತಿದ್ದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ. ಕನ್ನಡಕ, ಕಿವಿಯ ಮಿಷನ್ ಆಪರೇಷನ್ ಮುಗಿದ ಕೂಡಲೇ ವಾಪಸ್ ಹಾಕಿಸಿ. ಇನ್ನೊಂದು ಮಾತು ನಮ್ಮ ಜಿಲ್ಲೆಗಳಿಗೇ ಸೇರಿದ್ದು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಬಿಟ್ಟು ಬೇರೆ ಮಾತಾಡದ ಹಿರಿಯರಿಗೆ ಅರ್ಧ ಎಚ್ಚರದಲ್ಲಿ ಇಂಗ್ಲಿಷೋ ಮಲಯಾಳವೋ ಕಿವಿಗೆ ಬಿದ್ದರೆ ಗಾಬರಿ ಜಾಸ್ತಿ ಆಗುತ್ತದೆ. ಅವರ ಮಾತು ಬರುವ ಒಬ್ಬರು ರಿಕವರಿಯಲ್ಲಿ ಪಕ್ಕದಲ್ಲಿರಲು ಬಿಡುತ್ತೀರಾ ಅಂತ ಕೇಳಿ. ಕೇಳಿದರೆ ಎಷ್ಟೋ ಕಡೆ ಬಿಡುತ್ತಾರೆ.

ಹೆಜ್ಜೆ 4: ವಾರ್ಡಿನಲ್ಲಿ "ಇನ್ನೊಂದು ನಿದ್ದೆ ಇಂಜೆಕ್ಷನ್" ಸುಲಭಕ್ಕೆ ಯಾಕೆ ಸಿಗುವುದಿಲ್ಲ

ಸಿಸ್ಟರ್ ಹತ್ತಿರ ಜಗಳ ಮಾಡುವ ಬೈಸ್ಟ್ಯಾಂಡರ್‌ಗಳು ಇದನ್ನು ಓದಬೇಕು. ಆಲ್ಪ್ರಜೋಲಾಮ್, ಡಯಾಜೆಪಾಮ್, ಮಿಡಜೋಲಾಮ್, ಜೋಲ್ಪಿಡೆಮ್ ಇವೆಲ್ಲ 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್1ರ ಮದ್ದುಗಳು. ಮಾರಿದ ಅಂಗಡಿಯವರು ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟದ್ದು ಅಂತ ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಅರಿವಳಿಕೆಗೆ ಕೊಡುವ ಕೆಟಮಿನ್ ಇನ್ನೂ ಬಿಗಿಯಾದ ಶೆಡ್ಯೂಲ್ ಎಕ್ಸ್‌ನಲ್ಲಿದೆ, ಚೀಟಿ ಎರಡು ಪ್ರತಿ ಬೇಕು. ಬಲವಾದ ನೋವಿನ ಮದ್ದುಗಳಾದ ಫೆಂಟನಿಲ್, ಮಾರ್ಫಿನ್ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯಿದೆಯ ಕೆಳಗೆ ಬರುತ್ತವೆ, ಬೀಗ ಹಾಕಿದ ಕಪಾಟಿನಲ್ಲಿರುತ್ತವೆ. ಆಂಪೂಲಿನಲ್ಲಿ ಅರ್ಧ ಉಳಿದರೂ ಚೆಲ್ಲಿದ್ದಕ್ಕೆ ಲೆಕ್ಕ ಇಡುತ್ತಾರೆ. ಹಾಗಾಗಿ ಡಾಕ್ಟರ ಆರ್ಡರ್ ಇಲ್ಲದೆ ಸಿಸ್ಟರ್ ಕೊಡುವಂತೆಯೇ ಇಲ್ಲ.

ನೋವಿನ ಫೆಂಟನಿಲ್, ಮಾರ್ಫಿನ್ ಜಾತಿಯ ಮದ್ದೂ ಬೆಂಜೋಡಯಾಜೆಪೀನೂ ಸೇರಿದರೆ ಉಸಿರು ನಿಲ್ಲುವ ಅಪಾಯ ಎರಡೂ ಬೇರೆ ಬೇರೆ ಕೊಟ್ಟದ್ದಕ್ಕಿಂತ ಜಾಸ್ತಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಜೋಡಿಯ ಮೇಲೆ ಅತಿ ಗಂಭೀರ ಎಚ್ಚರಿಕೆ ಹಾಕಿಸಿದ್ದು 2016ರಲ್ಲಿ. ಮನೆಯಿಂದ ತಂದ ನಿದ್ದೆ ಮಾತ್ರೆಯನ್ನು ಗುಟ್ಟಾಗಿ ಕೊಡುವವರಿದ್ದಾರೆ. ದಯವಿಟ್ಟು ಕೊಡಬೇಡಿ. ಸಿಸ್ಟರ್ ಕೈಯಲ್ಲಿರುವ ಚಾರ್ಟಿನಲ್ಲಿ ಅದು ಇರುವುದಿಲ್ಲ, ಅದರ ಮೇಲೆ ಇನ್ನೊಂದು ಬೀಳುತ್ತದೆ.

ಹೆಜ್ಜೆ 5: ಉಪವಾಸದ ಲೆಕ್ಕ

ಮಂಪರಿನಲ್ಲಿ ವಾಂತಿ ಬಂದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು, ಅದಕ್ಕೆ ಈ ನಿಯಮ. ಮಾಮೂಲಿ ಲೆಕ್ಕ ಹೀಗೆ: ತಿಳಿಯಾದ ನೀರಿನಂಥದ್ದು 2 ಗಂಟೆ ಮೊದಲಿನವರೆಗೆ, ಎದೆಹಾಲು 4 ಗಂಟೆ, ಹಗುರ ತಿಂಡಿ ಮತ್ತು ಹಾಲು 6 ಗಂಟೆ, ಎಣ್ಣೆ ಮಾಂಸದ ಊಟ 8 ಗಂಟೆ. ನೀರು, ಹಾಲು ಹಾಕದ ಚಹಾ ತಿಳಿಯಾದದ್ದರಲ್ಲಿ ಬರುತ್ತದೆ. ಹಾಲು ಹಾಕಿದ ಚಹಾ ಬರುವುದಿಲ್ಲ, ಒಂದು ಗುಟುಕಾದರೂ ಸರಿ. ಗಂಜಿಯ ತಿಳಿಯನ್ನು ನೀರು ಅಂತ ಅಂದುಕೊಳ್ಳಬೇಡಿ, ಅದರಲ್ಲಿ ಅಕ್ಕಿಯ ಪಿಷ್ಟ ಇದೆ, ಊಟದ ಲೆಕ್ಕಕ್ಕೆ ಸೇರಿಸಿ. ಬೊಂಡ ಕುಡಿಯುವ ಮನಸ್ಸಿದ್ದರೆ ಕೇಳಿಯೇ ಕುಡಿಯಿರಿ. ಕಿಡ್ನಿ ತೊಂದರೆ ಇರುವವರಿಗೆ ಅದರ ಪೊಟ್ಯಾಸಿಯಂ ಒಳ್ಳೆಯದಲ್ಲ.

ರಾತ್ರಿ 12ರಿಂದ ಮರುದಿನ ಮಧ್ಯಾಹ್ನದವರೆಗೆ ಒಂದು ಹನಿ ನೀರೂ ಇಲ್ಲದೆ ಕೂರಿಸುವುದು ಈಗಿನ ಮಾರ್ಗಸೂಚಿಯಲ್ಲಿ ಇಲ್ಲ. ಆಪರೇಷನ್ ಮುಂದೆ ಹೋದರೆ "ನೀರು ಕುಡೀಬಹುದಾ ಸಿಸ್ಟರ್, ಒಮ್ಮೆ ಕೇಳಿ ಹೇಳ್ತೀರಾ?" ಅನ್ನಿ. ಶುಗರ್ ಇರುವವರು ಇನ್ಸುಲಿನ್ ಮತ್ತು ಮಾತ್ರೆಯ ಬಗ್ಗೆ ಬರೆಸಿಕೊಂಡೇ ಬನ್ನಿ.

ಹೆಜ್ಜೆ 6: ಮಂಪರು ಕೊಡುವ ಮೊದಲೇ ಸಹಿ

ಮಿಡಜೋಲಾಮ್ ಕೊಟ್ಟ ಮೇಲೆ ರೋಗಿ ಮಾತಾಡುತ್ತಾರೆ, ತಲೆ ಆಡಿಸುತ್ತಾರೆ, ಆದರೆ ಆಮೇಲೆ ಒಂದೂ ನೆನಪಿರುವುದಿಲ್ಲ. ಆ ಹೊತ್ತಿನಲ್ಲಿ ಹಾಕಿಸಿದ ಸಹಿಗೆ ಬೆಲೆ ಇಲ್ಲ. ಆಪರೇಷನ್‌ಗೆ ಒಂದು ಒಪ್ಪಿಗೆ, ಅರಿವಳಿಕೆಗೆ ಬೇರೆ ಒಪ್ಪಿಗೆ ಇರುತ್ತದೆ. ಎರಡನ್ನೂ ಓದಿ. ಇಂಗ್ಲಿಷ್ ಬರದಿದ್ದರೆ ಕನ್ನಡದ ಫಾರಂ ಕೇಳಿ. ರೋಗಿಗೆ ಅರ್ಥವಾಗುವಷ್ಟು ವಿವರ ಕೊಟ್ಟು ಒಪ್ಪಿಗೆ ಪಡೆಯಬೇಕು, ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ.

ಹೆಜ್ಜೆ 7: ಓಟಿ ಒಳಗೆ ಏನಾಗುತ್ತದೆ

ಉಗುರುಬಣ್ಣ, ಗಾಢ ಮದರಂಗಿ ಇದ್ದರೆ ಬೆರಳಿಗೆ ಹಾಕುವ ಆಮ್ಲಜನಕದ ಕ್ಲಿಪ್ ತಪ್ಪು ತೋರಿಸಬಹುದು. ಬಣ್ಣ ತೆಗೆದು ಹೋಗಿ, ಮದರಂಗಿ ಇದ್ದರೆ ಹೇಳಿ. ಮಂಪರು ಶುರುವಾಗುವ ಮೊದಲು ಹೆಸರು, ಯಾವ ಆಪರೇಷನ್, ಯಾವ ಕಡೆ, ಅಲರ್ಜಿ ಏನು ಅಂತ ಮತ್ತೆ ಕೇಳುತ್ತಾರೆ. ಇದೇ ಪ್ರಶ್ನೆ ಎಷ್ಟು ಸಲ ಅಂತ ಸಿಟ್ಟು ಮಾಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಸುರಕ್ಷತಾ ಪಟ್ಟಿಯ ಭಾಗ ಅದು.

ಬಿಳಿ ಹಾಲಿನಂತಿರುವ ಇಂಜೆಕ್ಷನ್ ಪ್ರೊಪೊಫಾಲ್. ಅದು ಬೇಗ ಹಿಡಿಯುತ್ತದೆ, ಬೇಗ ಬಿಡುತ್ತದೆ, ಬಿಪಿಯನ್ನೂ ಇಳಿಸುತ್ತದೆ. ಮಿಡಜೋಲಾಮ್ ಜಾಸ್ತಿಯಾದರೆ ಫ್ಲುಮಾಜೆನಿಲ್ ಅಂತ ಪ್ರತಿಮದ್ದು ಇದೆ, ಫೆಂಟನಿಲ್‌ಗೆ ನಲಾಕ್ಸೋನ್ ಇದೆ, ಪ್ರೊಪೊಫಾಲ್‌ಗೆ ಅಂಥದ್ದು ಇಲ್ಲ. ಉಸಿರು ನಿಂತರೆ ಕೈಯಿಂದಲೇ ಉಸಿರು ಕೊಡಬಲ್ಲವರು ಪಕ್ಕದಲ್ಲಿ ಇರಲೇಬೇಕು ಅನ್ನುವುದು ಅದಕ್ಕೇ. ಡೆಕ್ಸ್‌ಮೆಡೆಟೊಮಿಡಿನ್ ಅನ್ನುವ ಇನ್ನೊಂದು ಮಂಪರು ಮದ್ದು ಉಸಿರನ್ನು ಅಷ್ಟಾಗಿ ಕುಗ್ಗಿಸುವುದಿಲ್ಲ, ಆದರೆ ನಾಡಿ ನಿಧಾನ ಮಾಡುತ್ತದೆ. ಹೃದಯದ ಬಡಿತ ಮೊದಲೇ ನಿಧಾನ ಇದ್ದವರು ಅದನ್ನು ಹೇಳಿರಬೇಕು ಅಲ್ವಾ, ಹೆಜ್ಜೆ 2ರಲ್ಲಿ ಅಷ್ಟು ಒತ್ತಿ ಹೇಳಿದ್ದು ಇಂಥದ್ದಕ್ಕೇ.

ಹೆಜ್ಜೆ 8: ಮಕ್ಕಳ ವಿಷಯ

ಎಂಆರ್‌ಐ, ಎಕೋಗೆ ಮಕ್ಕಳನ್ನು ಮಲಗಿಸಲು ಪೆಡಿಕ್ಲೋರಿಲ್‌ನಂಥ ಸಿರಪ್ ಕೊಡುತ್ತಾರೆ. ಅಳತೆ ಮಗುವಿನ ತೂಕದ ಮೇಲೆ. ಇದನ್ನು ಮನೆಯಲ್ಲೇ ಕುಡಿಸಿ ಹೊರಡಬೇಡಿ. ಕಾರ್ಕಳದಿಂದಲೋ ಸುಳ್ಯದಿಂದಲೋ ಬರುವಾಗ ದಾರಿಯಲ್ಲಿ ಮಗುವಿನ ಕತ್ತು ಮುಂದಕ್ಕೆ ಬಿದ್ದು ಉಸಿರು ಕಟ್ಟಿದರೆ ಕಾರಿನಲ್ಲಿ ಯಾರು ನೋಡುತ್ತಾರೆ? ಆಸ್ಪತ್ರೆಗೆ ಬಂದ ಮೇಲೆ, ನೋಡಿಕೊಳ್ಳುವವರ ಎದುರೇ ಕುಡಿಸಬೇಕು. ಮಗುವಿಗೆ ಶೀತ, ಕಫ, ಜ್ವರ ಇದ್ದರೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿ. ದಿನಾಂಕ ಮುಂದೆ ಹಾಕಿದರೆ ಬೇಸರ ಬೇಡ.

ಹೆಜ್ಜೆ 9: ಮನೆಗೆ ಹೋಗುವಾಗ

ಅದೇ ದಿನ ಬಿಡುವ ಎಂಡೋಸ್ಕೋಪಿ, ಸಣ್ಣ ಆಪರೇಷನ್ ಆದರೂ ದೊಡ್ಡವರೊಬ್ಬರು ಜೊತೆಗಿರಬೇಕು. 24 ಗಂಟೆ ಗಾಡಿ ಓಡಿಸಬೇಡಿ, ದಸ್ತಾವೇಜಿಗೆ ಸಹಿ ಮಾಡಬೇಡಿ, ಮದ್ಯ ಕುಡಿಯಬೇಡಿ. ಎಚ್ಚರ ಇದೆ, ಮಾತೂ ಸರಿ ಇದೆ ಅಂತ ಅನ್ನಿಸಿದರೂ ಸ್ಕೂಟರ್ ಹಿಂದೆ ಕೂತು ಹೈವೇಯಲ್ಲಿ ಉಡುಪಿ ಕಡೆ ಹೊರಡಬೇಡಿ. ಡಾಕ್ಟರು ಹೇಳುವ ಸೂಚನೆ ರೋಗಿಗೆ ನೆನಪಿರುವುದಿಲ್ಲ, ಜೊತೆಗಿದ್ದವರು ಕೇಳಿ ಬರೆದುಕೊಳ್ಳಿ. ಮನೆಯಲ್ಲಿ ರಾತ್ರಿ ಎಬ್ಬಿಸಿದರೂ ಏಳದಿದ್ದರೆ, ಉಸಿರು ತಡೆತಡೆದು ಬರುತ್ತಿದ್ದರೆ, ತುಟಿ ನೀಲಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಕರೆ ಮಾಡಿ.

ಇನ್ನು ದಾಖಲೆ. ಡಿಸ್ಚಾರ್ಜ್ ಚೀಟಿಯಲ್ಲಿ ಮಂಪರಿನ ವಿವರ ಹೆಚ್ಚಾಗಿ ಒಂದೇ ಸಾಲು ಇರುತ್ತದೆ. ಅರಿವಳಿಕೆಯ ಚಾರ್ಟಿನ ಪ್ರತಿ ಬೇಕು ಅಂತ ಬರೆದು ಕೇಳಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ 2002ರ ವೈದ್ಯಕೀಯ ಪರಿಷತ್ತಿನ ನಿಯಮದಲ್ಲಿ ಇದೆ. ಖಾಸಗಿ ಆಸ್ಪತ್ರೆ ಕೊಡದಿದ್ದರೆ ಕರ್ನಾಟಕದ ಖಾಸಗಿ ಆಸ್ಪತ್ರೆಗಳ ಕೆಪಿಎಂಇ ಕಾಯಿದೆಯ ಕೆಳಗೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಯಾವ ಮದ್ದು, ಎಷ್ಟು, ಬಿಪಿ ಎಲ್ಲಿಗೆ ಇಳಿದಿತ್ತು, ಟ್ಯೂಬ್ ಹಾಕಲು ಕಷ್ಟ ಆಗಿತ್ತಾ ಅನ್ನುವುದೆಲ್ಲ ಆ ಒಂದು ಹಾಳೆಯಲ್ಲಿ ಇರುತ್ತದೆ. ಅದನ್ನು ಆಧಾರ್ ಕಾರ್ಡ್ ಇಡುವ ಫೈಲಿನಲ್ಲೇ ಇಡಿ, ಮುಂದಿನ ಪಿಎಸಿಗೆ ಮಾತ್ರೆಯ ತೊಟ್ಟೆಯ ಜೊತೆ ತೆಗೆದುಕೊಂಡು ಹೋಗಿ.